ಆಡದೆ ನೋಡಿದ ಗೇಮ್: ಕಣ್ಣು ಎಷ್ಟು ಹೇಳಬಲ್ಲದು?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇವೆ. ಯೂಟ್ಯೂಬ್, ಟ್ವಿಚ್‌ಗಳಲ್ಲಿ ಬೇರೆಯವರು ಆಡುವುದನ್ನು ನೋಡಿ ಒಂದು ಗೇಮ್ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ತೀರ್ಮಾನಿಸಬಹುದೇ? ಹಾಗಾಗಿ ಈ ಸಂಚಿಕೆಯ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಒಂದು ದೊಡ್ಡ ಗೇಮನ್ನು ಮೊದಲಿನಿಂದ ಕೊನೆಯವರೆಗೆ, ಸುಮಾರು 40 ಗಂಟೆ, ವಿಡಿಯೊದಲ್ಲೇ ನೋಡಿ ಮುಗಿಸಿದೆ. ಕಥೆ ಚೆನ್ನಾಗಿದೆ, ಹೊಡೆದಾಟದ ಭಾಗ ಬೇಸರ ಎಂದರೆ ಗೆಳೆಯ ‘ಆಡದೆ ಮಾತಾಡಬೇಡ’ ಎನ್ನುತ್ತಾನೆ. ಯಾರು ಸರಿ?

ಕಥೆಯ ವಿಷಯದಲ್ಲಿ ನೀವು ಸರಿ. ಹೊಡೆದಾಟದ ವಿಷಯದಲ್ಲಿ ನಿಮ್ಮ ಗೆಳೆಯ ಸರಿ.

ಗೇಮ್ ಎಂದರೆ ಒಂದು ಸುತ್ತು. ಪರದೆಯಲ್ಲಿ ಏನೋ ಆಗುತ್ತದೆ, ಕಣ್ಣು ನೋಡುತ್ತದೆ, ಮನಸ್ಸು ನಿರ್ಧರಿಸುತ್ತದೆ, ಬೆರಳು ಒತ್ತುತ್ತದೆ, ಪರದೆ ಬದಲಾಗುತ್ತದೆ, ಮತ್ತೆ ಮೊದಲಿನಿಂದ. ವಿಡಿಯೊದಲ್ಲಿ ನಿಮಗೆ ಸಿಗುವುದು ಈ ಸುತ್ತಿನಲ್ಲಿ ಪರದೆಯ ಪಾಲು ಮಾತ್ರ. ನಿರ್ಧಾರವೂ ಬೆರಳೂ ಬೇರೊಬ್ಬರದು. ಆದ್ದರಿಂದ ಪರದೆಯ ಮೇಲೇ ಮುಗಿದುಹೋಗುವ ಸಂಗತಿಗಳ ಬಗ್ಗೆ ನೋಡಿದವರು ಧೈರ್ಯವಾಗಿ ಮಾತಾಡಬಹುದು: ಕಥೆ, ಸಂಭಾಷಣೆ, ಕಂಠದಾನ, ಸಂಗೀತ, ಚಿತ್ರಶೈಲಿ, ಶತ್ರುಗಳಲ್ಲಿ ಎಷ್ಟು ಬಗೆ, ಒಂದೇ ಗುಹೆ ಎಷ್ಟು ಸಲ ಮರಳಿ ಬರುತ್ತದೆ, ಮುಕ್ತಾಯ ಹೇಗಿದೆ. 6 ಗಂಟೆ ಆಡಿ ಬಿಟ್ಟವರಿಗಿಂತ 40 ಗಂಟೆ ನೋಡಿದವರೇ ಇಲ್ಲಿ ಹೆಚ್ಚು ಬಲ್ಲರು.

‘ಬೇಸರ’ ಎನ್ನುವುದು ಬೇರೆ ಜಾತಿಯ ಮಾತು. ಅಲೆಕ್ಸಿ ಪಾಜಿಟ್ನೊವ್ 1984ರಲ್ಲಿ ರೂಪಿಸಿದ ಟೆಟ್ರಿಸ್ ನೋಡಿ. ಇರುವುದು ಏಳೇ ಆಕಾರ, ಬೀಳುವುದು ಒಂದೇ ಕಡೆಯಿಂದ. ಪಕ್ಕದಲ್ಲಿ ಕೂತು ನೋಡುವವರಿಗೆ ಹತ್ತು ನಿಮಿಷಕ್ಕೇ ಸಾಕೆನಿಸಬಹುದು. ಆಡುವವರಿಗೆ ಬೀಳುವ ಪ್ರತಿ ತುಂಡೂ ಹೊಸ ಪ್ರಶ್ನೆ, ಏಕೆಂದರೆ ಕೆಳಗೆ ಅವರೇ ಮಾಡಿಟ್ಟ ತಪ್ಪುಗಳು ಪ್ರತಿ ಸಲವೂ ಬೇರೆಯಾಗಿರುತ್ತವೆ. ಇದರ ತಿರುವುಮುರುವೂ ಉಂಟು. ಕತ್ತಿ ಹತ್ತು ಬಗೆಯಲ್ಲಿ ತಿರುಗಿ ಕಿಡಿ ಹಾರುವ ಹೊಡೆದಾಟ ನೋಡಲು ಹಬ್ಬ. ಆ ಹತ್ತೂ ಬಗೆ ಒಂದೇ ಬಟನ್ನನ್ನು ಮತ್ತೆ ಮತ್ತೆ ಒತ್ತಿದ್ದರಿಂದ ಬಂದಿರಬಹುದು, ಅದು ವಿಡಿಯೊದಲ್ಲಿ ಕಾಣುವುದಿಲ್ಲ.

ಹಾಗಾದರೆ ನೋಡುಗರು ಏನೂ ಮಾಡಲಾಗದೇ? ಒಂದು ಪರೀಕ್ಷೆ ಇದೆ. ಶತ್ರು ಹೊಡೆಯಲು ಕೈ ಎತ್ತಿದ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ. ಈಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಬರೆದುಕೊಳ್ಳಿ: ಪಕ್ಕಕ್ಕೆ ಉರುಳುವುದು, ತಡೆಯುವುದು, ಹಿಂದೆ ಸರಿದು ಬಾಣ ಬಿಡುವುದು, ಹೀಗೆ. ಹತ್ತು ಕಡೆ ಹೀಗೆ ಮಾಡಿ. ಬಹುತೇಕ ಕಡೆ ಅರ್ಥವುಳ್ಳ ಆಯ್ಕೆ ಒಂದೇ ಸಿಕ್ಕರೆ ಗೇಮ್ ತೆಳುವಾಗಿದೆ, ಇಲ್ಲವೇ ನಿಮಗೆ ಇನ್ನೂ ಅದರ ಪರಿಚಯ ಸಾಲದು. ಯಾವುದು ನಿಜ ಎಂದು ತಿಳಿಯಲು ಅದೇ ಹೊಡೆದಾಟವನ್ನು ಪಳಗಿದ ಆಟಗಾರರು ಆಡಿದ ವಿಡಿಯೊ ನೋಡಿ. ಹೊಸಬರು ಮಾಡಿದ್ದನ್ನೇ ಅವರು ಬೇಗ ಬೇಗ ಮಾಡುತ್ತಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬಂತು. ಅವರು ಬೇರೆಯದನ್ನೇ ಮಾಡುತ್ತಿದ್ದರೆ, ಮೊದಲ ವಿಡಿಯೊದಲ್ಲಿ ಕಾಣದ ಆಳ ಅಲ್ಲಿದೆ.

ಇನ್ನೊಂದು ಎಚ್ಚರಿಕೆ ಉದ್ದದ ಬಗ್ಗೆ. ವಿಡಿಯೊವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸಬಹುದು, ನಡುವೆ ಎದ್ದು ಬೇರೆ ಕೆಲಸ ಮಾಡಬಹುದು, ಬೇಡದ್ದನ್ನು ದಾಟಿಸಬಹುದು. ‘ಎಳೆದಿದ್ದಾರೆ’ ಅಥವಾ ‘ಬೇಗ ಮುಗಿಯಿತು’ ಎಂಬ ಅನಿಸಿಕೆ ಇಂಥ ನೋಟದಿಂದ ಬಂದಿದ್ದರೆ ಅದನ್ನು ನಂಬಬೇಡಿ.

ಪ್ರಶ್ನೆ: ವಿಡಿಯೊದಲ್ಲಿ ಬೆಣ್ಣೆಯಂತೆ ಜಾರುವ ಗೇಮ್ ಕೈಗೆ ಬಂದಾಗ ಭಾರವೆನಿಸುವುದೇಕೆ? ನೋಡಿಯೇ ಇದನ್ನು ಮೊದಲೇ ಪತ್ತೆ ಮಾಡಬಹುದೇ?

ಭಾರ ಎನ್ನುವ ಒಂದೇ ಮಾತಿನಲ್ಲಿ ಹಲವು ಕಾರಣಗಳು ಕಲಸಿಹೋಗಿರುತ್ತವೆ. ಬಿಡಿಸಿ ನೋಡೋಣ.

ಮೊದಲನೆಯದು ವಿಳಂಬ, ಅಂದರೆ ಬಟನ್ ಒತ್ತಿದ ಕ್ಷಣದಿಂದ ಪರದೆಯಲ್ಲಿ ಬದಲಾವಣೆ ಕಾಣುವ ಕ್ಷಣದವರೆಗಿನ ಅಂತರ. ಸೆಕೆಂಡಿಗೆ 60 ಫ್ರೇಮ್ (ಅಂದರೆ ಬಿಡಿ ಚಿತ್ರ) ಓಡುವ ಗೇಮಿನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್, 30 ಫ್ರೇಮ್ ಆದರೆ 33.3. ಒತ್ತಿದ್ದನ್ನು ಗೇಮ್ ಓದಬೇಕು, ಲೆಕ್ಕ ಹಾಕಬೇಕು, ಚಿತ್ರ ಬರೆಯಬೇಕು, ಪರದೆ ಅದನ್ನು ತೋರಿಸಬೇಕು. ಇಷ್ಟರಲ್ಲಿ ಹಲವು ಫ್ರೇಮ್ ಕಳೆದಿರುತ್ತವೆ. ಟಿವಿಯಲ್ಲಿ ಗೇಮ್ ಮೋಡ್ ಹಾಕದಿದ್ದರೆ ಚಿತ್ರ ತಿದ್ದುವ ಕೆಲಸಕ್ಕೇ ಇನ್ನಷ್ಟು ಹತ್ತಾರು ಮಿಲಿಸೆಕೆಂಡ್ ಸೇರುತ್ತದೆ. ಬೆರಳು ಯಾವಾಗ ಒತ್ತಿತು ಎಂಬುದು ನೋಡುಗರಿಗೆ ಗೊತ್ತೇ ಇಲ್ಲದ ಕಾರಣ, 60 ಮಿಲಿಸೆಕೆಂಡಿನ ಗೇಮೂ 160ರದ್ದೂ ವಿಡಿಯೊದಲ್ಲಿ ಒಂದೇ.

ಎರಡನೆಯದು ಬೇಕೆಂದೇ ಇಟ್ಟ ಭಾರ. ಡಾರ್ಕ್ ಸೋಲ್ಸ್ (2011) ಬಗೆಯ ಗೇಮ್‌ಗಳಲ್ಲಿ ಕತ್ತಿ ಬೀಸಲು ಶುರು ಮಾಡಿದ ಮೇಲೆ ಸುಮ್ಮನೆ ಹಿಂತೆಗೆಯಲಾಗದು, ಬೀಸು ಮುಗಿಯುವವರೆಗೆ ಕಾಯಬೇಕು. ಬೇರೆ ಕೆಲವು ಗೇಮ್‌ಗಳಲ್ಲಿ ಬೀಸಿನ ನಡುವೆಯೇ ಪಕ್ಕಕ್ಕೆ ಹಾರಬಹುದು. ಎರಡೂ ನೋಡಲು ಕತ್ತಿ ಬೀಸುವುದೇ. ಒಂದರಲ್ಲಿ ಪ್ರತಿ ಒತ್ತಿಗೂ ಬೆಲೆ ತೆರಬೇಕು, ಇನ್ನೊಂದರಲ್ಲಿ ಇಲ್ಲ. ಇದು ದೋಷವಲ್ಲ. ಇದನ್ನು ದೋಷವೆಂದು ಬರೆಯುವವರು ತುಂಬ ಜನ ಇದ್ದಾರೆ ಎಂಬುದು ಬೇಸರದ ಸಂಗತಿ.

ಮೂರನೆಯದು ಕಣ್ಣಿಗೆ ಕಾಣದ ದಯೆ. ಸೆಲೆಸ್ಟ್ (2018) ಗೇಮಿನಲ್ಲಿ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಕೆಲವು ಫ್ರೇಮ್‌ಗಳವರೆಗೆ ಜಿಗಿತ ಒಪ್ಪಿಗೆಯಾಗುತ್ತದೆ. ನೆಲ ಮುಟ್ಟುವ ಸ್ವಲ್ಪ ಮುಂಚೆ ಒತ್ತಿದರೂ ಗೇಮ್ ಅದನ್ನು ನೆನಪಿಟ್ಟು ಮುಟ್ಟಿದ ಕೂಡಲೇ ಜಿಗಿಸುತ್ತದೆ. ನೋಡುಗರಿಗೆ ಕಾಣುವುದು ಅಚ್ಚುಕಟ್ಟಾದ ಜಿಗಿತ. ಆಡುವವರಿಗೆ ‘ಈ ಗೇಮ್ ನನ್ನ ಮಾತು ಕೇಳುತ್ತದೆ’ ಎಂಬ ಭರವಸೆ. ಇದೇ ದಯೆ ಇಲ್ಲದ ಇನ್ನೊಂದು ಗೇಮ್ ವಿಡಿಯೊದಲ್ಲಿ ಹೀಗೇ ಕಂಡು, ಕೈಯಲ್ಲಿ ಮಾತ್ರ ಕಿರಿಕಿರಿ ಮಾಡುತ್ತದೆ.

ಇವಲ್ಲದೆ ಕಂಟ್ರೋಲರ್ ಸ್ಟಿಕ್ಕನ್ನು ಎಷ್ಟು ಸರಿಸಿದ ಮೇಲೆ ಗೇಮ್ ಗಮನಿಸುತ್ತದೆ, ಗುರಿಯ ಹತ್ತಿರ ಬಂದಾಗ ಗುರಿಚಿಹ್ನೆ ತಾನೇ ನಿಧಾನವಾಗುತ್ತದೆಯೇ, ಕಂಪನ ಹೇಗಿದೆ, ಟ್ರಿಗರ್ ಬೆರಳಿಗೆ ಎದುರೊತ್ತುತ್ತದೆಯೇ ಎಂಬುವೂ ವಿಡಿಯೊಗೆ ಸಿಗದವು.

ಪತ್ತೆ ಮಾಡುವ ವಿಚಾರ. ಕೈ ಮತ್ತು ಪರದೆ ಎರಡೂ ಒಂದೇ ಕ್ಯಾಮೆರಾದಲ್ಲಿ ಸೆರೆಯಾದ ವಿಡಿಯೊ ಹುಡುಕಿ. ಗುಣಮಟ್ಟದ ಪಟ್ಟಿಯಲ್ಲಿ 1080ರ ಪಕ್ಕ 60 ಎಂದು ಇರಬೇಕು, ಇಲ್ಲದಿದ್ದರೆ ಅದು ಸಾಮಾನ್ಯವಾಗಿ 30 ಫ್ರೇಮಿನದು ಅಥವಾ ಇನ್ನೂ ಕಡಿಮೆಯದು, ಎಣಿಕೆ ಒರಟಾಗುತ್ತದೆ. ಕಂಪ್ಯೂಟರಿನಲ್ಲಿ ಯೂಟ್ಯೂಬ್ ವಿಡಿಯೊ ನಿಲ್ಲಿಸಿ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಫ್ರೇಮ್ ಹಿಂದೆ ಹೋಗುತ್ತದೆ. ಬಟನ್ ಕೆಳಗಿಳಿದ ಫ್ರೇಮಿನಿಂದ ಪಾತ್ರದ ದೇಹದಲ್ಲಿ ಮೊದಲ ಅಲುಗಾಟ ಕಾಣುವ ಫ್ರೇಮಿನವರೆಗೆ ಎಣಿಸಿ 16.7ರಿಂದ ಗುಣಿಸಿ. 6 ಫ್ರೇಮ್ ಎಂದರೆ ಸುಮಾರು 100 ಮಿಲಿಸೆಕೆಂಡ್.

ಇಲ್ಲಿ ಎಡವುವುದು ಮೂರು ಕಡೆ. ಕತ್ತಿ ಬೀಸಿದ್ದನ್ನು ಎಣಿಸಿದರೆ ಲೆಕ್ಕ ಹೆಚ್ಚಾಗುತ್ತದೆ, ಭುಜ ಅಥವಾ ಮೊಣಕಾಲು ಮೊದಲು ಅಲುಗಿರುತ್ತದೆ, ಅದನ್ನೇ ಹಿಡಿಯಬೇಕು. ಒಂದೇ ಸಲ ಎಣಿಸಿದರೂ ತಪ್ಪು, ಏಕೆಂದರೆ ಫ್ರೇಮಿನ ಯಾವ ಭಾಗದಲ್ಲಿ ಒತ್ತು ಬಿತ್ತು ಎಂಬುದರಿಂದ ಫಲಿತಾಂಶ ಆಚೀಚೆಯಾಗುತ್ತದೆ, ಹತ್ತು ಸಲ ಎಣಿಸಿ ಸರಾಸರಿ ತೆಗೆಯಿರಿ. ಇನ್ನು, ಪರದೆಯ ಮೂಲೆಯಲ್ಲಿ ಬಟನ್ ಚಿತ್ರ ಮಿನುಗುವ ವಿಡಿಯೊಗಳನ್ನು ಈ ಅಳತೆಗೆ ಬಳಸಲೇಬೇಡಿ. ಆ ಚಿತ್ರ ಮತ್ತು ಗೇಮಿನ ಚಿತ್ರ ಬೇರೆ ಬೇರೆ ದಾರಿಯಲ್ಲಿ ಬಂದು ರೆಕಾರ್ಡಿಂಗ್ ತಂತ್ರಾಂಶದಲ್ಲಿ ಸೇರಿರುತ್ತವೆ, ಎರಡರ ಕಾಲ ಹೊಂದುವ ಖಾತರಿ ಇಲ್ಲ. ಕೈ ತೋರಿಸುವ ಪ್ರತ್ಯೇಕ ವೆಬ್‌ಕ್ಯಾಮ್‌ಗೂ ಇದೇ ಮಾತು.

ಇಷ್ಟೆಲ್ಲ ಮಾಡಿದರೂ ಸಿಗುವುದು ಅವರ ಟಿವಿ, ಅವರ ಯಂತ್ರದ ವಿಳಂಬ. ನಿಮ್ಮದನ್ನು ತಿಳಿಯಲು ಫೋನಿನ 240 ಫ್ರೇಮಿನ ನಿಧಾನಚಲನೆಯಲ್ಲಿ ಬೆರಳು ಮತ್ತು ಪರದೆ ಒಟ್ಟಿಗೆ ಚಿತ್ರಿಸಿ. ಅಲ್ಲಿ ಒಂದು ಫ್ರೇಮ್ 4.17 ಮಿಲಿಸೆಕೆಂಡ್. ನಿಮ್ಮ ಬಳಿ ಈಗಾಗಲೇ ಇರುವ, ಕೈಗೆ ಒಗ್ಗಿದ ಗೇಮನ್ನು ಹೀಗೆ ಅಳೆದಿಟ್ಟುಕೊಂಡರೆ ಹೋಲಿಸಲು ಒಂದು ಅಳತೆಗೋಲು ಸಿಕ್ಕಂತೆ.

ಪ್ರಶ್ನೆ: ಸ್ಟ್ರೀಮರ್ (ನೇರಪ್ರಸಾರದಲ್ಲಿ ಆಡಿ ತೋರಿಸುವವರು) ಆಡುವಾಗ ನೀರು ಕುಡಿದಷ್ಟು ಸುಲಭ. ನನಗೆ ಮೊದಲ ಬಾಸ್ (ದಾರಿ ತಡೆಯುವ ದೊಡ್ಡ ಶತ್ರು) ದಾಟಲಾಗುತ್ತಿಲ್ಲ. ನಾನೇ ದಡ್ಡನೇ?

ಖಂಡಿತ ಇಲ್ಲ. ನೀವು ನೋಡಿದ್ದು ಗೆದ್ದ ಸಲವನ್ನು. ಅದಕ್ಕೂ ಮುಂಚೆ ಸೋತ ಸಲಗಳು ಕತ್ತರಿಗೆ ಹೋಗಿರುತ್ತವೆ. ಕತ್ತರಿಸದ ನೇರಪ್ರಸಾರದ ದಾಖಲೆ ತೆರೆದು ಆ ಬಾಸ್ ಬಳಿ ಎಷ್ಟು ಸಲ ಸತ್ತರು ಎಂದು ಎಣಿಸಿ. ಎಣಿಸುವಾಗಲೇ ಪಾತ್ರದ ಮಟ್ಟ, ಆಯುಧದ ಮಟ್ಟ, ಕಷ್ಟದ ಹಂತ ಯಾವುದೆಂದು ಮೆನು ತೆರೆದಾಗ ನೋಡಿಕೊಳ್ಳಿ. ಸುತ್ತಾಡಿ ಬಲ ಹೆಚ್ಚಿಸಿಕೊಂಡು ಬಂದವರ ಬಾಸ್ ಹೊಡೆದಾಟವನ್ನು ನೇರ ಬಂದವರದಕ್ಕೆ ಹೋಲಿಸಲಾಗದು.

ಕಷ್ಟ ಎಲ್ಲಿರುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆ 2004ರಲ್ಲಿ ನಡೆದ ಇವೊ ಎಂಬ ಹೊಡೆದಾಟದ ಗೇಮ್‌ಗಳ ಪಂದ್ಯಾವಳಿಯದು. ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್ ಪಂದ್ಯದಲ್ಲಿ ಡೈಗೊ ಉಮೆಹಾರಾ ಅವರ ಪಾತ್ರದ ಪ್ರಾಣ ಕೂದಲೆಳೆಯಷ್ಟೇ ಉಳಿದಿತ್ತು, ಮಾಮೂಲಿಯಾಗಿ ತಡೆದರೂ ಸಾಯುವ ಸ್ಥಿತಿ. ಜಸ್ಟಿನ್ ವಾಂಗ್ ಬಳಸಿದ 15 ಹೊಡೆತಗಳ ಸೂಪರ್ ದಾಳಿಯನ್ನು ಅವರು ಒಂದೊಂದಾಗಿ ತಿರುಗಿಸಿ ಗೆದ್ದರು. ನೋಡುಗರಿಗೆ ಕಾಣುವುದು ಸಾಲಾಗಿ ಮಿನುಗುವ ಬೆಳಕು. ಕಾಣದ್ದು ಎರಡು. ಹೊಡೆತ ತಿರುಗಿಸಲು ಸ್ಟಿಕ್ಕನ್ನು ಎದುರಾಳಿಯ ಕಡೆಗೇ ತಳ್ಳಬೇಕು, ಅಂದರೆ ಆ ಕ್ಷಣ ರಕ್ಷಣೆಯನ್ನೇ ಬಿಟ್ಟುಕೊಡಬೇಕು. ಮತ್ತು ಮೊದಲ ಹೊಡೆತ ಬರುವುದನ್ನು ಕಂಡು ತಳ್ಳಿದರೆ ತಡವಾಗುತ್ತದೆ, ಎದುರಾಳಿ ಈಗ ಇದನ್ನೇ ಬಳಸುತ್ತಾರೆ ಎಂದು ಊಹಿಸಿ ಮೊದಲೇ ತಳ್ಳಿರಬೇಕು. ಇದು ತಿಳಿದ ಮೇಲೆ ಅದೇ ವಿಡಿಯೊ ಇನ್ನೊಮ್ಮೆ ನೋಡಿ, ಬೇರೆಯೇ ಕಾಣುತ್ತದೆ.

ಇದಕ್ಕೆ ಎದುರಾದ ಸಂಗತಿಯೂ ಇದೆ. ಆಡುವವರ ಗಮನ ಮೈಮೇಲೆ ಬರುವ ಶತ್ರುವಿಗೆ ಅಂಟಿಕೊಂಡಿರುತ್ತದೆ. ನೋಡುವವರ ಕೈ ಖಾಲಿ, ಕಣ್ಣು ಇಡೀ ಪರದೆ ಸುತ್ತುತ್ತದೆ. ಅದಕ್ಕೇ ಎಡಮೂಲೆಯ ಪೆಟ್ಟಿಗೆ, ಗೋಡೆಯ ಬಿರುಕು ನಿಮಗೆ ಮೊದಲು ಕಾಣುತ್ತದೆ. ‘ಇಷ್ಟೂ ಕಾಣಿಸದೇ ಅವರಿಗೆ’ ಎಂದು ಅನಿಸಿದಾಗಲೆಲ್ಲ ಆ ಕ್ಷಣ ಅವರ ಬೆರಳುಗಳು ಏನು ಮಾಡುತ್ತಿದ್ದವು ಎಂದು ಕೇಳಿಕೊಳ್ಳಿ.

ಕೆಲವು ಗೇಮ್‌ಗಳು ಕಷ್ಟವನ್ನೇ ಗುಟ್ಟಾಗಿ ಬದಲಿಸುತ್ತವೆ. ರೆಸಿಡೆಂಟ್ ಈವಿಲ್ 4 (2005) ಆಡುವವರು ಚೆನ್ನಾಗಿ ಆಡಿದಂತೆ ಬಿಗಿಯಾಗುತ್ತದೆ, ಸೋತಂತೆ ಸಡಿಲಾಗುತ್ತದೆ. ಅಂಥ ಗೇಮಿನಲ್ಲಿ ಬೇರೊಬ್ಬರ ವಿಡಿಯೊದ ಕಷ್ಟ ಅವರಿಗೇ ಹೊಲಿದ ಅಂಗಿ.

ಪ್ರಶ್ನೆ: ಕೊಳ್ಳುವ ಮುಂಚೆ ಯಾವ ವಿಡಿಯೊ ನೋಡಬೇಕು, ಎಷ್ಟು ನೋಡಬೇಕು?

ಮೂರು ವಿಡಿಯೊ, ಒಟ್ಟು ಸುಮಾರು ಎರಡು ಗಂಟೆ ಸಾಕು.

ಮೊದಲನೆಯದು ಆ ಗೇಮಿಗೆ ಹೊಸಬರಾದವರ ಮೊದಲ 60ರಿಂದ 90 ನಿಮಿಷ, ಕತ್ತರಿಸದ್ದು. ಅವರು ಎಲ್ಲಿ ತಬ್ಬಿಬ್ಬಾಗುತ್ತಾರೆ, ಗೇಮ್ ಕಲಿಸಿದ್ದು ತಲೆಗೆ ಹೋಯಿತೇ, ಒಂದೇ ಕೆಲಸಕ್ಕೆ ಎಷ್ಟು ಸಲ ಮೆನು ತೆರೆದರು ನೋಡಿ. ಎರಡನೆಯದು ಗೇಮಿನ ನಡುಭಾಗದ 20 ನಿಮಿಷ, ವಿವರಣೆ ಇಲ್ಲದ್ದಾದರೆ ಒಳ್ಳೆಯದು, ಮಾತುಗಾರರ ಉತ್ಸಾಹ ಗೇಮಿನದೆಂದು ತಪ್ಪು ತಿಳಿಯುವ ಅಪಾಯ ಇರುವುದಿಲ್ಲ. ಮೂರನೆಯದು ಅದೇ ನಡುಭಾಗವನ್ನು ಪಳಗಿದವರು ಆಡಿದ 15 ನಿಮಿಷ.

ನಡುಭಾಗದ ವಿಡಿಯೊಗೆ ಕಾಗದ ಪೆನ್ಸಿಲ್ ಹಿಡಿದು ಕೂರಿ. ನಾಲ್ಕು ಕಾಲಂ ಎಳೆಯಿರಿ: ಆಟಗಾರರ ಕೈಯಲ್ಲಿ ಹಿಡಿತ ಇರುವ ಹೊತ್ತು, ಕಥೆಯ ದೃಶ್ಯ ಮತ್ತು ಮಾತು, ಮೆನು ಮತ್ತು ಸಾಮಾನು ಜೋಡಿಸುವುದು, ಖಾಲಿ ನಡಿಗೆ ಮತ್ತು ಕಾಯುವುದು. ಪ್ರತಿ 10 ಸೆಕೆಂಡಿಗೆ ಪರದೆಯಲ್ಲಿ ಏನಿದೆಯೋ ಆ ಕಾಲಮಿಗೆ ಒಂದು ಗೀಟು. 20 ನಿಮಿಷಕ್ಕೆ 120 ಗೀಟು. ಮೆನುವಿಗೇ 45 ಬಿದ್ದರೆ ಇದು ಸಾಮಾನು ಜೋಡಿಸುವ ಗೇಮ್ ಎಂದಾಯಿತು, ಟ್ರೇಲರ್ ಎಷ್ಟೇ ಕತ್ತಿ ತೋರಿಸಲಿ. ಅದು ನಿಮಗೆ ಇಷ್ಟವೂ ಆಗಿರಬಹುದು. ಗೊತ್ತಿದ್ದು ಕೊಳ್ಳುವುದು ಮುಖ್ಯ.

ಟ್ರೇಲರ್, ‘ಅದ್ಭುತ ಕ್ಷಣಗಳ’ ಸಂಕಲನ, ಸ್ಪೀಡ್‌ರನ್ (ಗೇಮನ್ನು ಆದಷ್ಟು ಬೇಗ ಮುಗಿಸುವ ಓಟ) ಈ ಮೂರನ್ನೂ ತೀರ್ಪಿಗೆ ಬಳಸಬೇಡಿ. ಸ್ಪೀಡ್‌ರನ್ ನೋಡಲು ಸೊಗಸು, ಆದರೆ ಅಲ್ಲಿ ಗೋಡೆ ತೂರುವ, ಅರ್ಧ ಗೇಮನ್ನೇ ಹಾರಿಸುವ ತಂತ್ರಗಳಿರುತ್ತವೆ. ಹಣ ಪಡೆದ ಪ್ರಚಾರವೆಂಬ ಗುರುತು ವಿಡಿಯೊದ ಆರಂಭದಲ್ಲಿ ಇದೆಯೇ ನೋಡಿ. ಯಾವ ಯಂತ್ರದಲ್ಲಿ ಆಡಿದ್ದು, ಮಾಡ್ (ಗೇಮನ್ನು ಬದಲಿಸುವ ಹೊರಗಿನ ಸೇರ್ಪಡೆ) ಹಾಕಿದ್ದಾರೆಯೇ, ವಿಡಿಯೊದ ದಿನಾಂಕ ಯಾವುದು, ಗೇಮಿನ ಆವೃತ್ತಿ ಸಂಖ್ಯೆ ಎಷ್ಟು, ಇವನ್ನೂ ನೋಡಿ. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಬಿಡುಗಡೆಯಾದಾಗ ಇದ್ದ ಗೇಮಿಗೂ ವರ್ಷಗಳ ಅಪ್‌ಡೇಟ್‌ಗಳ ನಂತರದ ಗೇಮಿಗೂ ಅಜಗಜಾಂತರ. ಹಳೆಯ ವಿಡಿಯೊ ನೋಡಿ ಅದನ್ನು ಬೈದರೆ ಈಗ ಇಲ್ಲದ ಗೇಮನ್ನು ಬೈದಂತೆ.

ಡೆಮೊ (ಕೊಳ್ಳುವ ಮುಂಚೆ ಆಡಿ ನೋಡಲು ಕೊಡುವ ತುಣುಕು) ಇದ್ದರೆ ಮೂರು ವಿಡಿಯೊಗಿಂತ ಅದೇ ಮೇಲು. ಡೆಮೊ ಇಲ್ಲದೆ ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಳ್ಳುವುದಾದರೆ, ಕೊಂಡ 14 ದಿನಗಳೊಳಗೆ, ಆಡಿದ ಹೊತ್ತು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಆ 2 ಗಂಟೆಯನ್ನು ವಿಡಿಯೊ ಹೇಳಲಾರದ್ದಕ್ಕೆ ಖರ್ಚು ಮಾಡಿ. ನೋಡಿಯೇ ಇರುವ ಕಥಾದೃಶ್ಯಗಳನ್ನು ದಾಟಿಸಿ. ಮೊದಲ 15 ನಿಮಿಷ ಸೆಟ್ಟಿಂಗ್‌ಗಳಿಗೆ: ಬಟನ್ ಬದಲಿಸಲು ಬರುತ್ತದೆಯೇ, ಉಪಶೀರ್ಷಿಕೆ ಓದುವಷ್ಟು ದೊಡ್ಡದೇ, ಒತ್ತಿ ಹಿಡಿಯುವುದನ್ನು ಒಮ್ಮೆ ಒತ್ತುವುದಾಗಿ ಮಾಡಬಹುದೇ. ಉಳಿದದ್ದು ಕೈಗೆ. ಗೇಮ್ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ, ಪೂರ್ತಿ ಮುಚ್ಚಿ ಏಳಿ.

ಪ್ರಶ್ನೆ: ವಿಡಿಯೊದಲ್ಲಿ ಗ್ರಾಫಿಕ್ಸ್ ಮಸುಕು ಮಸುಕು. ಗೇಮೇ ಹಾಗಿದೆಯೇ?

ಬಹುಶಃ ಅಲ್ಲ. ವಿಡಿಯೊ ಕುಗ್ಗಿಸುವ ತಂತ್ರ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾದ ಭಾಗವನ್ನಷ್ಟೇ ಉಳಿಸಿಕೊಂಡು ಜಾಗ ಉಳಿಸುತ್ತದೆ. ಮಳೆ, ಹುಲ್ಲು, ಹಾರುವ ಎಲೆ, ಹೊಗೆ ಇರುವ ಕಡೆ ಪ್ರತಿ ಚುಕ್ಕೆಯೂ ಬದಲಾಗುವುದರಿಂದ ಅದಕ್ಕೆ ಕೈ ಸಾಲದೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಕತ್ತಲ ದೃಶ್ಯಗಳಲ್ಲಿ ಪಟ್ಟೆ ಏಳುತ್ತದೆ. ನೇರಪ್ರಸಾರದಲ್ಲಿ ಇದು ಇನ್ನೂ ಹೆಚ್ಚು. ಪಾತ್ರ ಸುಮ್ಮನೆ ನಿಂತ ಕ್ಷಣದಲ್ಲಿ ನಿಲ್ಲಿಸಿ ನೋಡಿ, ಮಸುಕು ಆಗಲೂ ಇದ್ದರೆ ಮಾತ್ರ ಗೇಮಿನ ಮೇಲೆ ಹೊರಿಸಿ.

ತಡವರಿಕೆಯ ವಿಷಯದಲ್ಲಿ ವಿಡಿಯೊ ತಿರುಗಿ ಗೇಮಿನ ಪರ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಗೇಮ್‌ಗಳಲ್ಲಿ ಹೊಸ ಬೆಂಕಿ, ಹೊಸ ಮಾಂತ್ರಿಕ ಪರಿಣಾಮ ಮೊದಲ ಸಲ ಬಂದಾಗ ಅದರ ಶೇಡರ್ (ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಂ) ಸಿದ್ಧವಾಗುವ ತನಕ ಚಿತ್ರ ಕ್ಷಣಕಾಲ ನಿಲ್ಲುವುದುಂಟು. ಒಮ್ಮೆ ಸಿದ್ಧವಾದದ್ದು ಡಿಸ್ಕಿನಲ್ಲಿ ಉಳಿಯುತ್ತದೆ. ಆದ್ದರಿಂದ ಅದೇ ಜಾಗವನ್ನು ಎರಡನೇ ಸಲ ಆಡಿ ರೆಕಾರ್ಡ್ ಮಾಡಿದವರ ವಿಡಿಯೊ ನುಣ್ಣಗಿರುತ್ತದೆ, ನಿಮಗೆ ಮೊದಲ ಸಲ ಮುಗ್ಗರಿಸುತ್ತದೆ. ಮೂಲೆಯ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. 54 ಫ್ರೇಮ್ ತಲಾ 16.7 ಮಿಲಿಸೆಕೆಂಡಿನಂತೆ ಬಂದು, ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ನಿಂತರೂ ಸಂಖ್ಯೆ 55 ಎಂದೇ ತೋರುತ್ತದೆ, ಆ ಒಂದು ನಿಲುಗಡೆ ಕೈಗೆ ಚುಚ್ಚುತ್ತದೆ. ಪ್ರತಿ ಫ್ರೇಮಿನ ಹೊತ್ತನ್ನು ಗೆರೆಯಾಗಿ ತೋರಿಸುವ ವಿಡಿಯೊ ನೋಡಿ. ಡಿಜಿಟಲ್ ಫೌಂಡ್ರಿ ಎಂಬ ಚಾನೆಲ್ ಈ ಕೆಲಸಕ್ಕೆ ಹೆಸರುವಾಸಿ. ಗೆರೆ ಚಪ್ಪಟೆಯಾಗಿದ್ದರೆ ಒಳ್ಳೆಯದು, ನಡುನಡುವೆ ಮುಳ್ಳು ಎದ್ದಿದ್ದರೆ ಅಲ್ಲಿ ತಡವರಿಕೆ.

ಯಾವ ಯಂತ್ರದ ವಿಡಿಯೊ ಎಂದು ನೋಡಿ ಎಂದೆವಲ್ಲ, ಅದಕ್ಕೆ ದೊಡ್ಡ ಪಾಠ ಸೈಬರ್‌ಪಂಕ್ 2077. ಡಿಸೆಂಬರ್ 2020ರಲ್ಲಿ ಬಿಡುಗಡೆಗೆ ಮುಂಚೆ ಬಂದ ವಿಮರ್ಶೆಗಳು ಕಂಪ್ಯೂಟರ್ ಆವೃತ್ತಿಯವು. ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಅದು ಎಷ್ಟು ಹದಗೆಟ್ಟಿತ್ತೆಂದರೆ, ವಾರ ಕಳೆಯುವುದರಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆಯಿತು. ಮರಳಿ ಬಂದದ್ದು ಜೂನ್ 2021ರಲ್ಲಿ.

ಪ್ರಶ್ನೆ: ಒಗಟಿನ ಗೇಮ್‌ಗಳನ್ನು ನೋಡಿ ಅಳೆಯಬಹುದೇ? ನೋಡಿದರೆ ಆಡುವ ಸುಖ ಹಾಳಾಗುತ್ತದೆಯೇ?

ಹಾಳಾಗುತ್ತದೆ, ಮತ್ತೆ ಸರಿಪಡಿಸಲೂ ಬರುವುದಿಲ್ಲ. ಔಟರ್ ವೈಲ್ಡ್ಸ್ (2019) ಗೇಮಿನಲ್ಲಿ 22 ನಿಮಿಷದ ಕಾಲಚಕ್ರ ಮತ್ತೆ ಮತ್ತೆ ಶುರುವಾಗುತ್ತದೆ. ಒಂದು ಸುತ್ತಿನಿಂದ ಇನ್ನೊಂದಕ್ಕೆ ನೀವು ಒಯ್ಯುವುದು ತಿಳಿವಳಿಕೆ ಮಾತ್ರ, ಹೊಸ ಆಯುಧವೋ ಶಕ್ತಿಯೋ ಸಿಗುವುದಿಲ್ಲ. ಆ ತಿಳಿವಳಿಕೆ ವಿಡಿಯೊದಿಂದ ಬಂದುಬಿಟ್ಟರೆ ಆಡಲು ಏನು ಉಳಿಯಿತು? ರಿಟರ್ನ್ ಆಫ್ ದಿ ಓಬ್ರಾ ಡಿನ್ (2018) ಕೂಡ ಹೀಗೇ. ಹಡಗಿನ 60 ಜನರಿಗೆ ಏನಾಯಿತೆಂದು ಊಹಿಸಬೇಕು, ಸಾಮಾನ್ಯವಾಗಿ ಮೂರು ಸರಿಯಾದಾಗ ಗೇಮ್ ಒಪ್ಪುತ್ತದೆ. ಈ ಜಾತಿಯವಕ್ಕೆ ಮೊದಲ 20 ನಿಮಿಷ ನೋಡಿ ನಿಲ್ಲಿಸಿ. ಇಂಥವನ್ನು ಪೂರ್ತಿ ನೋಡಿ ಮುಗಿಸಬೇಡಿ ಎಂದು ಓದುಗರನ್ನು ಕೈಮುಗಿದು ಕೇಳುತ್ತೇವೆ.

ಪ್ರತಿ ಹಂತವೂ ಬೇರೆಯಾದ ಬಾಬಾ ಈಸ್ ಯೂ (2019) ಥರದ ಗೇಮ್‌ಗಳಲ್ಲಿ ಸ್ವಲ್ಪ ನೋಡಿದರೆ ನಷ್ಟವಿಲ್ಲ. ಹಂತ ಪರದೆಗೆ ಬಂದ ಕೂಡಲೇ ನಿಲ್ಲಿಸಿ, ಕಾಗದದ ಮೇಲೆ ಬರೆದುಕೊಂಡು 10 ನಿಮಿಷ ನೀವೇ ಯೋಚಿಸಿ, ಆಮೇಲೆ ಓಡಿಸಿ. ನಿಲ್ಲಿಸದೆ ನೋಡಿದರೆ ಪ್ರತಿ ಉತ್ತರವೂ ‘ಇಷ್ಟೇನಾ’ ಎನಿಸುತ್ತದೆ, ಉತ್ತರ ತಿಳಿದ ಮೇಲೆ ಯಾವ ಒಗಟೂ ಸುಲಭ. ಆಡುವವರನ್ನೂ ಗಮನಿಸಿ: ಕೈ ಬಿಟ್ಟು ಸುಮ್ಮನೆ ಕೂತು, ಆಮೇಲೆ ಒಂದೇ ಪ್ರಯತ್ನದಲ್ಲಿ ಬಿಡಿಸಿದರೆ ಒಗಟು ಚೆನ್ನಾಗಿ ಕಟ್ಟಿದ್ದು. ಸಿಕ್ಕಿದ್ದನ್ನೆಲ್ಲ ತಳ್ಳಿ ಎಳೆದು ಅಕಸ್ಮಾತ್ ಬಿಡಿಸಿದರೆ, ಅದೂ ನಾಲ್ಕೈದು ಹಂತಗಳಲ್ಲಿ ಹೀಗೇ ಆದರೆ, ಕಟ್ಟಿದವರದೇ ಕೊರತೆ.

ಪ್ರಶ್ನೆ: ಹೆಚ್ಚು ಬಟನ್ ಕೆಲಸವಿಲ್ಲದ, ನಡೆದಾಡುತ್ತ ಕಥೆ ಕೇಳುವ ಗೇಮ್ ಒಂದನ್ನು ಪೂರ್ತಿ ನೋಡಿದೆ. ಇದರ ಬಗ್ಗೆಯಾದರೂ ಮಾತಾಡಬಹುದೇ?

ಬಹುತೇಕ ಎಲ್ಲವನ್ನೂ. ಒಂದನ್ನು ಬಿಟ್ಟು: ಯಾವ ಬಾಗಿಲು ಮೊದಲು ತೆರೆಯಬೇಕು, ಯಾವ ಪತ್ರದ ಮುಂದೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಬೇರೆಯವರ ಆಯ್ಕೆಯಾಗಿತ್ತು, ಹಾಗಾಗಿ ಗತಿ ಅವರದು. ಇಂಥ ಗೇಮ್‌ಗಳ ತಯಾರಕರಿಗೆ ನೋಡುಗರಿಂದಲೇ ಪೆಟ್ಟು ಬೀಳುತ್ತದೆ. 2016ರ ದಟ್ ಡ್ರ್ಯಾಗನ್, ಕ್ಯಾನ್ಸರ್ ಗೇಮಿನ ತಯಾರಕರು, ಲಕ್ಷಾಂತರ ಜನ ವಿಡಿಯೊದಲ್ಲಿ ನೋಡಿದರೂ ಕೊಂಡವರು ಕಡಿಮೆ ಎಂದು ಬಹಿರಂಗವಾಗಿಯೇ ನೋವು ತೋಡಿಕೊಂಡಿದ್ದರು. ಪೂರ್ತಿ ನೋಡಿ ಮೆಚ್ಚಿದ್ದರೆ ದಯವಿಟ್ಟು ಒಂದು ಪ್ರತಿ ಕೊಳ್ಳಿ.

ಪ್ರಶ್ನೆ: ಭಯಾನಕ ಗೇಮ್ ನೋಡುವಾಗ ಅಷ್ಟೇನೂ ಹೆದರಿಕೆಯಾಗಲಿಲ್ಲ. ‘ಹೆದರಿಸುವುದಿಲ್ಲ’ ಎಂದು ಬರೆಯಬಹುದೇ?

ಬೇಡ. ವಿಡಿಯೊದಲ್ಲಿ ಬಾಗಿಲು ತಾನೇ ತೆರೆದುಕೊಳ್ಳುತ್ತದೆ. ಆಡುವಾಗ ತೆರೆಯಬೇಕಾದವರು ನೀವು. ಏಲಿಯನ್: ಐಸೊಲೇಷನ್‌ನಲ್ಲಿ (2014) ಆಟ ಉಳಿಸಲು ನಿಗದಿತ ಜಾಗಕ್ಕೆ ಹೋಗಿ ಕೆಲವು ಕ್ಷಣ ನಿಂತು ಕಾಯಬೇಕು, ಆ ಹೊತ್ತಿನಲ್ಲೂ ಸಾಯಬಹುದು. ಕಳೆದ ಅರ್ಧ ಗಂಟೆಯ ಶ್ರಮ ಕೈತಪ್ಪುವ ಭಯ ಅದು. ನೋಡುಗರ ಬಳಿ ಕಳೆದುಕೊಳ್ಳಲು ಏನೂ ಇಲ್ಲ. ಸದ್ದು, ಬೆಳಕು, ಪ್ರಾಣಿಯ ರೂಪ ಇವುಗಳ ಬಗ್ಗೆ ಬರೆಯಿರಿ.

ಪ್ರಶ್ನೆ: ಮಗಳಿಗೆ 10 ವರ್ಷ. ಅವಳು ಕೇಳುತ್ತಿರುವ ಗೇಮಿನ ವಿಡಿಯೊ ನೋಡಿದೆ, ಏನೂ ಕೆಟ್ಟದ್ದು ಕಾಣಲಿಲ್ಲ. ಕೊಡಿಸಬಹುದೇ?

ವಿಡಿಯೊದಲ್ಲಿ ರಕ್ತ, ಬೈಗುಳ ಕಾಣುತ್ತವೆ. ಕಾಣದವು ಎರಡು: ಅಪರಿಚಿತರ ಜೊತೆ ಮಾತು, ಮತ್ತು ಹಣ ಕೇಳುವ ರೀತಿ. ಯೂಟ್ಯೂಬಿಗೆ ವಿಡಿಯೊ ಮಾಡುವವರು ಚಾಟ್ ಮುಚ್ಚಿರುತ್ತಾರೆ, ಅಂಗಡಿಯ ಪುಟ ಕತ್ತರಿಸಿರುತ್ತಾರೆ, ಕೆಲವೊಮ್ಮೆ ಎಲ್ಲವನ್ನೂ ಮೊದಲೇ ಕೊಂಡಿರುತ್ತಾರೆ. ಹಾಗಾಗಿ ಕಾಯಬೇಕಾದ ಗಡಿಯಾರ, ‘ಈಗಲೇ ಕೊಳ್ಳಿ’ ಎಂಬ ಫಲಕ ಮಗುವಿಗೆ ಎಷ್ಟು ಸಲ ಎದುರಾಗುತ್ತವೆ ಎಂದು ತಿಳಿಯುವುದಿಲ್ಲ.

ಮೊದಲು ವಯೋಮಿತಿ ಗುರುತು ನೋಡಿ. ಯುರೋಪಿನ ಪೆಗಿ ಗುರುತುಗಳು 3, 7, 12, 16, 18 ಎಂದಿರುತ್ತವೆ. ಅಮೆರಿಕದ ಇಎಸ್‌ಆರ್‌ಬಿ ಗುರುತಿನ ಕೆಳಗೆ ಆಟದೊಳಗೆ ಖರೀದಿ ಇದೆಯೇ, ಏನು ಸಿಗುತ್ತದೆಂದು ಮೊದಲೇ ತಿಳಿಯದ ಪೆಟ್ಟಿಗೆಗಳಿವೆಯೇ, ಬಳಕೆದಾರರು ಪರಸ್ಪರ ಮಾತಾಡಬಹುದೇ ಎಂದು ಬರೆದಿರುತ್ತದೆ. ಆ ಸಾಲುಗಳನ್ನು ಓದದೆ ಬಿಡಬೇಡಿ. ಆಮೇಲೆ ಹೊಸ ಖಾತೆ ತೆರೆದು, ಹಣದ ಕಾರ್ಡ್ ಜೋಡಿಸದೆ, ನೀವೇ ಒಂದು ಗಂಟೆ ಆಡಿ. ಎಷ್ಟು ಸಲ ಅಂಗಡಿ ಪುಟ ತಾನಾಗಿ ತೆರೆಯಿತು ಎಂದು ಎಣಿಸಿ. ಚಾಟ್ ಮುಚ್ಚುವ ಜಾಗ ಎಲ್ಲಿದೆ, ಅದಕ್ಕೆ ಪಾಸ್‌ವರ್ಡ್ ಹಾಕಲು ಬರುತ್ತದೆಯೇ ನೋಡಿ. ಹಾಕಲು ಬರದಿದ್ದರೆ ಮಗಳ ಪಕ್ಕದಲ್ಲಿ ಕೂತು ಆಡಿಸಿ.

ಪ್ರಶ್ನೆ: ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಆಡುವ ವಿಆರ್ ಗೇಮ್‌ಗಳ ವಿಡಿಯೊ ನೋಡಿದರೆ ತಲೆ ಸುತ್ತುತ್ತದೆ. ಹಾಕಿಕೊಂಡರೂ ಹಾಗೇ ಆಗುತ್ತದೆಯೇ?

ವಿಡಿಯೊದಿಂದ ಇದನ್ನು ಹೇಳಲು ಬರುವುದಿಲ್ಲ. ವಿಡಿಯೊದಲ್ಲಿ ಬೇರೆಯವರ ತಲೆ ಅಲುಗಿದಂತೆ ನಿಮ್ಮ ನೋಟ ಅಲುಗುತ್ತದೆ, ನಿಮ್ಮ ಕುತ್ತಿಗೆ ಸುಮ್ಮನಿರುತ್ತದೆ. ಹಾಕಿಕೊಂಡಾಗ ತಲೆ ತಿರುಗಿಸುವವರು ನೀವೇ ಆದ್ದರಿಂದ ಆ ಅಲುಗಾಟ ಕಾಡುವುದಿಲ್ಲ. ಆದರೆ ನೀವು ಕೂತೇ ಇದ್ದು ಗೇಮಿನ ಪಾತ್ರ ಸ್ಟಿಕ್ಕಿನಿಂದ ನಡೆಯುತ್ತಿದ್ದರೆ ಹಲವರಿಗೆ ಹೊಟ್ಟೆ ತೊಳಸುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆದು ಸಾಗುವ ಆಯ್ಕೆ ಇದೆಯೇ ಎಂದು ವಿಡಿಯೊದ ಸೆಟ್ಟಿಂಗ್ ಪುಟದಲ್ಲಿ ಹುಡುಕಿ. ಮೊದಲ ಸಲ 10 ನಿಮಿಷಕ್ಕೆ ನಿಲ್ಲಿಸಿ.

ಪ್ರಶ್ನೆ: ನೋಡಿದ ಗೇಮ್‌ಗಳ ಬಗ್ಗೆ ವಿಮರ್ಶೆ ಬರೆಯುವ ಆಸೆ. ಹೇಗೆ ಬರೆದರೆ ಪ್ರಾಮಾಣಿಕ?

ಮೊದಲ ಸಾಲಿನಲ್ಲೇ ಹೇಳಿಬಿಡಿ: ಆಡಿಲ್ಲ, ಇಷ್ಟು ಗಂಟೆ ನೋಡಿದ್ದೇನೆ, ಇಂಥ ಯಂತ್ರದಲ್ಲಿ, ಇಂಥ ಆವೃತ್ತಿ, ಇಷ್ಟು ಜನ ಬೇರೆ ಬೇರೆ ಆಟಗಾರರದು. ಬರೆದು ಮುಗಿಸಿ, ಪ್ರತಿ ವಾಕ್ಯದ ಎದುರು ಪೆನ್ಸಿಲಿನಲ್ಲಿ ‘ಕಣ್ಣು’ ಅಥವಾ ‘ಕೈ’ ಎಂದು ಗುರುತು ಹಾಕಿ. ‘ಮೂರನೇ ಅಧ್ಯಾಯದಲ್ಲಿ ಅದೇ ಬಾಸ್ ಬಣ್ಣ ಬದಲಿಸಿ ಮತ್ತೆ ಬರುತ್ತಾನೆ’ ಎನ್ನುವುದು ಕಣ್ಣಿನದು, ಹಾಗೇ ಇರಲಿ. ‘ಹಿಡಿತ ಸರಿಯಿಲ್ಲ’, ‘ತುಂಬ ಸುಲಭ’, ‘ಹೊಡೆತಕ್ಕೆ ತೂಕವಿಲ್ಲ’ ಎಂಬುವು ಕೈಯವು. ಅವನ್ನು ಕಂಡದ್ದಕ್ಕೆ ಇಳಿಸಿ: ‘ನೋಡಿದ ಮೂವರೂ ಈ ಸೇತುವೆಯಿಂದ ನಾಲ್ಕಕ್ಕಿಂತ ಹೆಚ್ಚು ಸಲ ಬಿದ್ದರು, ಇಬ್ಬರು ಬಟನ್ ಒತ್ತಿದ್ದೆ ಎಂದು ದೂರಿದರು.’ ಇಳಿಸಲು ಬಾರದ ಕೈವಾಕ್ಯ ಉಳಿದರೆ ಅಳಿಸಿಬಿಡಿ, ಇಲ್ಲವೇ ಡೆಮೊ ಇಳಿಸಿಕೊಂಡು ಅದೊಂದು ಭಾಗವನ್ನು ಆಡಿ ಬಂದು ಬರೆಯಿರಿ. ಅಂಕ ಕೊಡುವುದಾದರೆ ಕಥೆ, ಚಿತ್ರ, ಸಂಗೀತಕ್ಕೆ ಬೇರೆ ಬೇರೆ ಕೊಡಿ. ಇಡೀ ಗೇಮಿಗೆ ಹತ್ತಕ್ಕೆ ಇಷ್ಟು ಎಂದು ಕೊಡಬೇಡಿ.